ನಿಸ್ಸಾನ್ ಉಳಿಯಬೇಕಾದರೆ ಸರಳ ಕಾರು ಮಾಡಬೇಕಾ?

ಜಪಾನಿನ ನಿಸ್ಸಾನ್ ಕಂಪನಿ ಕಷ್ಟದಲ್ಲಿದೆ. 2025ರ ಮಾರ್ಚ್‌ಗೆ ಮುಗಿದ ವರ್ಷದಲ್ಲಿ ಅದಕ್ಕಾದ ನಷ್ಟ ಸುಮಾರು 67 ಸಾವಿರ ಕೋಟಿ ಯೆನ್. 20 ಸಾವಿರ ಜನರನ್ನು ಕೆಲಸದಿಂದ ತೆಗೆಯುತ್ತೇವೆ, 17 ಕಾರ್ಖಾನೆಗಳನ್ನು 10ಕ್ಕೆ ಇಳಿಸುತ್ತೇವೆ ಎಂದು ಕಂಪನಿ ಹೇಳಿದೆ. ಹೋಂಡಾ ಜೊತೆ ಸೇರಿಕೊಳ್ಳುವ ಮಾತು 2024ರ ಡಿಸೆಂಬರ್‌ನಲ್ಲಿ ಶುರುವಾಗಿ 2025ರ ಫೆಬ್ರುವರಿಯಲ್ಲೇ ಮುರಿದುಬಿತ್ತು. ಇದರ ಜೊತೆಗೇ ಇನ್ನೊಂದು ದೂರು ಎಲ್ಲ ಕಡೆ ಕೇಳಿಸುತ್ತಿದೆ. ಈಗಿನ ಕಾರುಗಳಲ್ಲಿ ಬೇಡದ್ದೇ ಜಾಸ್ತಿ, ಕೆಟ್ಟರೆ ಯಾರಿಗೂ ರಿಪೇರಿ ಬರಲ್ಲ ಅನ್ನುವುದು. ಹಾಗಾದರೆ ಸರಳ ಕಾರಿಗೆ ಮರಳಿದರೆ ನಿಸ್ಸಾನ್ ಉಳಿಯುತ್ತದಾ? ತುಮಕೂರಿನ ಇಬ್ಬರು ಬರೆದಿದ್ದಾರೆ. ಇಬ್ಬರಿಗೂ ಕಾರಿನ ಹುಚ್ಚಿದೆ, ಅಭಿಪ್ರಾಯ ಮಾತ್ರ ಬೇರೆ.

ಪರ: ನಮ್ಮೂರ ಗ್ಯಾರೇಜಿನಲ್ಲಿ ರಿಪೇರಿ ಆಗುವ ಕಾರು ಕೊಡಲಿ

ಮೊದಲೇ ಹೇಳಿಬಿಡುತ್ತೇನೆ. ಸರಳ ಕಾರು ಅಂದರೆ ಏರ್‌ಬ್ಯಾಗ್ ಇಲ್ಲದ ಕಾರು ಅಂತಲ್ಲ. ಏರ್‌ಬ್ಯಾಗ್ ಬೇಕು, ಜೋರಾಗಿ ಬ್ರೇಕ್ ಹಾಕಿದರೂ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಬೇಕು, ಬಾಡಿ ಗಟ್ಟಿ ಇರಬೇಕು. ಕ್ಯಾತ್ಸಂದ್ರ ದಾಟಿ ಹೈವೇಯಲ್ಲಿ ಲಾರಿಗಳ ನಡುವೆ ಬೆಂಗಳೂರಿಗೆ ಓಡಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನನ್ನ ತಕರಾರು ಬೇರೆ. ಎಸಿ ಫ್ಯಾನ್ ಜಾಸ್ತಿ ಮಾಡಬೇಕಾದರೆ ಸ್ಕ್ರೀನಿನಲ್ಲಿ ಹುಡುಕಬೇಕು. ಹೆಡ್‌ಲೈಟ್ ಹೋದರೆ ಬಲ್ಬ್ ಹಾಕುವ ಹಾಗಿಲ್ಲ, ಎಷ್ಟೋ ಮಾಡೆಲ್‌ಗಳಲ್ಲಿ ಇಡೀ ಎಲ್‌ಇಡಿ ಯೂನಿಟ್ಟೇ ಬದಲಾಗಬೇಕು. ಹ್ಯಾಂಡ್‌ಬ್ರೇಕ್ ಎಳೆಯುವ ಕೋಲು ಹೋಗಿ ಬಟನ್ ಬಂತು, ಸಂತೋಷ. ಆದರೆ ಆ ಬಟನ್ ಇರುವ ಹಲವು ಕಾರುಗಳಲ್ಲಿ ಹಿಂದಿನ ಚಕ್ರಕ್ಕೆ ಹೊಸ ಬ್ರೇಕ್ ಪ್ಯಾಡ್ ಹಾಕುವ ಮುಂಚೆ ಸ್ಕ್ಯಾನರ್ ಜೋಡಿಸಿ ಮೋಟರನ್ನು ಹಿಂದಕ್ಕೆ ಸರಿಸಬೇಕು. ಸಿಗ್ನಲ್‌ನಲ್ಲಿ ನಿಂತಾಗ ಎಂಜಿನ್ ತಾನೇ ಆಫ್ ಆಗುವ ವ್ಯವಸ್ಥೆ ಇದೆಯಲ್ಲ, ಅದಕ್ಕೆ ಮಾಮೂಲಿ ಬ್ಯಾಟರಿ ಸಾಲದು. ವಿಶೇಷ ಬ್ಯಾಟರಿ ಬೇಕು, ಅದರ ಬೆಲೆಯೂ ವಿಶೇಷವೇ. ಉಳಿಸಿದ ಪೆಟ್ರೋಲಿನ ದುಡ್ಡು ಬ್ಯಾಟರಿ ಅಂಗಡಿಗೆ ಹೋಗುತ್ತದೆ.

ಇದೆಲ್ಲ ಹಳೇ ಕಾಲದವರ ಗೊಣಗಾಟ ಅಂತ ನಗುವವರು ಸ್ವೀಡನ್ನಿನ ಒಂದು ಕಾರು ಪತ್ರಿಕೆ 2022ರಲ್ಲಿ ಮಾಡಿದ ಪರೀಕ್ಷೆ ನೋಡಬೇಕು. ಗಂಟೆಗೆ 110 ಕಿ.ಮೀ. ವೇಗದಲ್ಲಿ ಓಡಿಸುತ್ತಾ ರೇಡಿಯೋ, ಹೀಟರ್, ಇಂಥ ನಾಲ್ಕು ಸಣ್ಣ ಕೆಲಸ ಮಾಡಿ ಅಂತ ಚಾಲಕರಿಗೆ ಹೇಳಿದರು. 2005ರ ಹಳೇ ವೋಲ್ವೋದಲ್ಲಿ ಎಲ್ಲ ಮುಗಿಯಲು 10 ಸೆಕೆಂಡ್ ಸಾಕಾಯಿತು. ಸ್ಕ್ರೀನ್ ತುಂಬಿದ ಒಂದು ಹೊಸ ಎಲೆಕ್ಟ್ರಿಕ್ ಕಾರಿನಲ್ಲಿ 44.6 ಸೆಕೆಂಡ್ ಬೇಕಾಯಿತು. ಅಷ್ಟರಲ್ಲಿ ಕಾರು 1,372 ಮೀಟರ್ ಓಡಿತ್ತು. ಶಿರಾ ಹೈವೇಯಲ್ಲಿ ಕತ್ತಲಲ್ಲಿ ಲೈಟಿಲ್ಲದ ಟ್ರ್ಯಾಕ್ಟರ್ ಟ್ರೇಲರ್ ಎದುರಾಗಲು ಅಷ್ಟು ದೂರ ಬೇಕೇ ಬೇಕಿಲ್ಲ.

ಯುರೋಪಿನವರಿಗೂ ಇದು ಅರ್ಥವಾಗಿದೆ. ಕಾರುಗಳನ್ನು ಗುದ್ದಿಸಿ ನೋಡಿ ಸುರಕ್ಷತೆಗೆ ಸ್ಟಾರ್ ಕೊಡುವ ಯುರೋ ಎನ್‌ಕ್ಯಾಪ್ ಸಂಸ್ಥೆಯಿಂದ 2026ರಿಂದ ಪೂರ್ತಿ ಐದು ಸ್ಟಾರ್ ಬೇಕಾದರೆ ಇಂಡಿಕೇಟರ್, ವೈಪರ್, ಹಾರ್ನ್, ಹಜಾರ್ಡ್ ಲೈಟ್ ಮತ್ತು ತುರ್ತು ಕರೆಗೆ ಕೈಗೆ ಸಿಗುವ ಬಟನ್ನೋ ಕಡ್ಡಿಯೋ ಇರಬೇಕು. ಫೋಕ್ಸ್‌ವ್ಯಾಗನ್‌ನ ವಿನ್ಯಾಸದ ಮುಖ್ಯಸ್ಥರೇ 2025ರಲ್ಲಿ ಬಟನ್‌ಗಳನ್ನು ವಾಪಸ್ ತರುತ್ತೇವೆ ಎಂದರು.

ಈಗ ನಮ್ಮ ಜಿಲ್ಲೆಯ ವಿಷಯ. ಪಾವಗಡ ತುಮಕೂರಿನಿಂದ ಸುಮಾರು ನೂರು ಕಿಲೋಮೀಟರ್. ಅಲ್ಲಿ ಕಾರು ಕೆಟ್ಟರೆ ಮೊದಲು ಸಿಗುವುದು ಕಂಪನಿ ಸರ್ವಿಸ್ ಸೆಂಟರ್ ಅಲ್ಲ, ರಸ್ತೆ ಬದಿಯ ಗ್ಯಾರೇಜು. ನಮ್ಮ ಭಾವನವರ ಕಾರು ಮಧುಗಿರಿ ದಾಟಿದ ಮೇಲೆ ಕೈಕೊಟ್ಟಿತು. ಚೆಕ್ ಎಂಜಿನ್ ಲೈಟ್ ಹತ್ತಿತು, ವೇಗ ಏರಲೇ ಇಲ್ಲ. ಹತ್ತಿರದ ಮೇಸ್ತ್ರಿ ಬಾನೆಟ್ ಎತ್ತಿ ನೋಡಿ, "ಅಣ್ಣಾ, ಎಂಜಿನ್ ಚೆನ್ನಾಗೇ ಐತೆ. ಕಂಪ್ಯೂಟ್ರು ಒಪ್ತಿಲ್ಲ" ಅಂದರು. ಕಾರನ್ನು ಲಾರಿ ಮೇಲೆ ಹೇರಿ ಬೆಂಗಳೂರಿಗೆ ಕಳಿಸಬೇಕಾಯಿತು. ಇಲಿ ಒಂದು ಸೆನ್ಸರ್ ವೈರ್ ಕಡಿದಿತ್ತಂತೆ. ಸರ್ವಿಸ್ ಸೆಂಟರಿನವರು ವೈರ್ ಜೋಡಿಸಲಿಲ್ಲ, ಇಡೀ ವೈರಿಂಗ್ ಕಿಟ್ಟೇ ಬದಲಾಯಿಸಬೇಕು ಅಂದರು. ಬಿಲ್ ನೋಡಿ ಭಾವ ಎರಡು ದಿನ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ.

ನಿಸ್ಸಾನ್ ಪ್ರಶ್ನೆ ಇಲ್ಲಿಗೇ ಬಂದು ನಿಲ್ಲುತ್ತದೆ. ದೊಡ್ಡ ಕಂಪನಿಗಳಿಗೆ ತಾಲ್ಲೂಕು ತಾಲ್ಲೂಕಿನಲ್ಲೂ ಸರ್ವಿಸ್ ಇದೆ. ಅವರು ಕಷ್ಟದ ಕಾರು ಮಾರಿದರೂ ಹೇಗೋ ನಡೆಯುತ್ತದೆ. ನಿಸ್ಸಾನ್ ಇಂಡಿಯಾದಲ್ಲಿ ಸಣ್ಣ ಕಂಪನಿ. ಮೈಕ್ರಾ, ಸನ್ನಿ, ಟೆರಾನೋ, ಕಿಕ್ಸ್ ಎಲ್ಲ ಹೋದವು. ಕೆಲವು ವರ್ಷ 2020ರ ಡಿಸೆಂಬರ್‌ನಲ್ಲಿ ಬಂದ ಮ್ಯಾಗ್ನೈಟ್ ಒಂದೇ ಕಂಪನಿಯನ್ನು ಹೊತ್ತುಕೊಂಡಿತ್ತು. ಚೆನ್ನೈ ಹತ್ತಿರದ ಒರಗಡಂ ಕಾರ್ಖಾನೆಯಲ್ಲಿನ ತನ್ನ ಪಾಲನ್ನು ಫ್ರಾನ್ಸಿನ ಪಾಲುದಾರ ಕಂಪನಿ ರೆನೋಗೆ ಬಿಟ್ಟುಕೊಡುವುದಾಗಿ 2025ರಲ್ಲಿ ಹೇಳಿತು. ಹೀಗಿರುವಾಗ ಗಿರಾಕಿಗೆ ಮೊದಲು ಬರುವ ಯೋಚನೆ ಏನು? "ಈ ಕಂಪನಿ ನಾಳೆ ಹೊರಟುಹೋದರೆ ನನ್ನ ಕಾರು ಯಾರು ನೋಡುತ್ತಾರೆ?" ಈ ಭಯಕ್ಕೆ ಜಾಹೀರಾತು ಮದ್ದಲ್ಲ. ಗುಬ್ಬಿ ಗೇಟ್ ಹತ್ತಿರದ ಗ್ಯಾರೇಜಿನವನೂ ನೋಡಬಲ್ಲ ಅನ್ನುವ ಧೈರ್ಯ ಬಂದರೆ ಮಾತ್ರ ಅದು ಹೋಗುತ್ತದೆ.

ಈ ಕಂಪನಿಗೆ ಸರಳ ಗಾಡಿ ಮಾಡಿ ಗೊತ್ತಿಲ್ಲ ಅಂತೇನಿಲ್ಲ. ನಮ್ಮ ಸೇನೆಯ ಜೋಂಗಾ ನೆನಪಿದೆಯಾ? ಅದು ನಿಸ್ಸಾನ್ ಪೆಟ್ರೋಲ್ ಅನ್ನುವ ಜೀಪಿನ ಅಚ್ಚು. ಪೆಟ್ರೋಲ್ ಅನ್ನುವುದು ಇಂಧನದ ಹೆಸರಲ್ಲ, ಗಾಡಿಯ ಹೆಸರು. ಕುಡಿಯುತ್ತಿದ್ದದ್ದೂ ಪೆಟ್ರೋಲನ್ನೇ ಬಿಡಿ, ಅದೂ ಧಾರಾಳವಾಗಿ. ನಿಸ್ಸಾನ್‌ನಿಂದ ಪರವಾನಗಿ ಪಡೆದು ಜಬಲ್ಪುರದ ಕಾರ್ಖಾನೆಯಲ್ಲಿ 1990ರ ದಶಕದ ಕೊನೆಯವರೆಗೂ ಅದನ್ನು ಮಾಡಿದರು. ಸೇನೆ ಹರಾಜು ಹಾಕಿದ ಮೇಲೂ ಎಷ್ಟೋ ಜೋಂಗಾಗಳು ತೋಟ, ಕಾಡು, ಬೆಟ್ಟ ಅಂತ ವರ್ಷಗಟ್ಟಲೆ ಓಡಿದವು. ಸ್ಪ್ಯಾನರ್ ಹಿಡಿಯಲು ಬಂದವರೆಲ್ಲ ಅದರ ಡಾಕ್ಟರ್‌ಗಳೇ.

ಜೋಂಗಾ ಮತ್ತೆ ಮಾಡಿ ಅಂತ ನಾನು ಹೇಳುತ್ತಿಲ್ಲ. ಆದರೆ ಗೋಜಲು ಜಾಸ್ತಿ ಆಗಿದೆ ಅಂತ ಕಂಪನಿಯೇ ಒಪ್ಪಿದೆಯಲ್ಲ. 2025ರ ಮೇ ತಿಂಗಳಲ್ಲಿ ಹೊಸ ಮುಖ್ಯಸ್ಥ ಇವಾನ್ ಎಸ್ಪಿನೋಸ ಮುಂದಿಟ್ಟ ಯೋಜನೆ ಓದಿ. ಬಿಡಿಭಾಗಗಳ ಗೋಜಲನ್ನು 70 ಶೇಕಡಾ ಕಡಿಮೆ ಮಾಡುತ್ತೇವೆ, 13 ಪ್ಲಾಟ್‌ಫಾರ್ಮ್‌ಗಳನ್ನು, ಅಂದರೆ ಕಾರುಗಳ ತಳದ ಮೂಲ ಚೌಕಟ್ಟುಗಳನ್ನು, 7ಕ್ಕೆ ಇಳಿಸುತ್ತೇವೆ ಅಂತ ಅದರಲ್ಲಿದೆ. ಅದರ ಸಿವಿಟಿ ಗೇರ್‌ಬಾಕ್ಸ್ ಕಥೆಯೂ ಇದೇ. ಬೆಲ್ಟಿನ ಮೇಲೆ ಓಡುವ ಈ ಗೇರ್‌ಬಾಕ್ಸ್ ವಿಚಾರವಾಗಿ ಅಮೆರಿಕದಲ್ಲಿ ಗ್ರಾಹಕರು ಕೋರ್ಟಿಗೆ ಹೋದರು, ಹಲವು ಮಾಡೆಲ್‌ಗಳಿಗೆ ಕಂಪನಿ ವಾರಂಟಿ ವಿಸ್ತರಿಸಬೇಕಾಯಿತು. ಅಲ್ಲಿ ಹಾಳಾದ ಹೆಸರು ಇನ್ನೂ ಪೂರ್ತಿ ಸರಿಹೋಗಿಲ್ಲ.

ಇನ್ನೂ ಒಂದು ಮಾತಿದೆ, ಇದನ್ನು ಕಂಪನಿಗಳು ನೆನೆಯಲು ಇಷ್ಟಪಡಲ್ಲ. 2014ರಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ಹಾಕಿತು. ಬಿಡಿಭಾಗ, ರಿಪೇರಿ ಮಾಹಿತಿ, ಸಲಕರಣೆ ಇವನ್ನೆಲ್ಲ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಾರೆ ಅನ್ನುವುದು ಆರೋಪ. ಆ ಪಟ್ಟಿಯಲ್ಲಿ ನಿಸ್ಸಾನ್ ಕೂಡ ಇತ್ತು. ಕಂಪನಿಗಳು ಮೇಲ್ಮನವಿಗೆ ಹೋದವು, ಅದು ಬೇರೆ ಕಥೆ. 2022ರ ಕೊನೆಯಲ್ಲಿ ಕೇಂದ್ರ ಸರ್ಕಾರ ರಿಪೇರಿ ಹಕ್ಕಿನ ಪೋರ್ಟಲ್ ತೆರೆದಾಗ ಕಾರುಗಳನ್ನೂ ಸೇರಿಸಿತು. ಪೋರ್ಟಲ್‌ನಲ್ಲಿ ಹೆಸರಿದ್ದರೆ ಪಾವಗಡದ ಮೇಸ್ತ್ರಿಗೆ ಏನು ಸಿಕ್ಕಂತಾಯಿತು?

ಹಾಗಾಗಿ ನಿಸ್ಸಾನ್‌ಗೆ ನಾನು ಹೇಳುವುದು ಇಷ್ಟು. ಟರ್ಬೋ ಇಲ್ಲದ ಎಂಜಿನ್, ಮ್ಯಾನ್ಯುಯಲ್ ಗೇರ್, ಎಸಿಗೆ ಮೂರು ನಾಬ್, ಫೋನ್ ಇಡಲು ಒಂದು ಗಟ್ಟಿ ಸ್ಟ್ಯಾಂಡ್, ಆರು ಏರ್‌ಬ್ಯಾಗ್. ರಿಪೇರಿ ಪುಸ್ತಕ ಕನ್ನಡದಲ್ಲೂ ಇರಲಿ, ಎಲ್ಲರಿಗೂ ಸಿಗಲಿ. ಒರಿಜಿನಲ್ ಸ್ಪೇರ್ ಬಿ.ಎಚ್. ರಸ್ತೆಯ ಅಂಗಡಿಯಲ್ಲಿ ನಗದು ಕೊಟ್ಟರೆ ಸಿಗಲಿ. ಅಂಥ ಕಾರು ಬಂದರೆ ಮೊದಲ ದಿನವೇ ಅಡ್ವಾನ್ಸ್ ಕೊಡುವವರಲ್ಲಿ ನಮ್ಮ ಭಾವನವರೂ ಇರುತ್ತಾರೆ.

ವಿರೋಧ: ಆ ಕಾರು ಬಂದಿತ್ತು, ನಾವೇ ಕೊಳ್ಳಲಿಲ್ಲ

ತುಮಕೂರಿನಲ್ಲಿ ಕೂತು ಸರಳ ಯಂತ್ರದ ಗುಣಗಾನ ಮಾಡುವವರಿಗೆ ಎಚ್‌ಎಂಟಿ ಮರೆತುಹೋಗಿದೆ ಅನ್ನಿಸುತ್ತದೆ. ಕೀಲಿ ಕೊಟ್ಟರೆ ಓಡುವ ಗಡಿಯಾರ, ಯಾವ ಊರಿನ ಗಡಿಯಾರದ ಅಂಗಡಿಯಲ್ಲಾದರೂ ರಿಪೇರಿ ಆಗುವ ಗಡಿಯಾರ. ನಮ್ಮೂರಿನಲ್ಲೇ ಅದರ ಕಾರ್ಖಾನೆ ಇತ್ತು. ಬ್ಯಾಟರಿಯಲ್ಲಿ ಓಡುವ ಕ್ವಾರ್ಟ್ಜ್ ಗಡಿಯಾರ ಬಂತು, ಹೊಸೂರಿನಿಂದ ಟೈಟಾನ್ ಬಂತು, ಜನ ಅತ್ತ ಹೋದರು. 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚಸ್ ಮುಚ್ಚುವ ತೀರ್ಮಾನ ಮಾಡಿತು. ತುಮಕೂರಿನ ಆ ಜಾಗ ಇಸ್ರೋಗೆ ಹೋಯಿತು. ಮುಚ್ಚಿದ ಮೇಲೆ ನೋಡಿ, ಹಳೇ ಎಚ್‌ಎಂಟಿಗೆ ಎಲ್ಲಿಲ್ಲದ ಬೇಡಿಕೆ! ಕಂಪನಿ ಬದುಕಿದ್ದಾಗ ಈ ಪ್ರೀತಿ ಎಲ್ಲಿತ್ತು?

ಕಾರಿನಲ್ಲೂ ಇದೇ ಆಗಿದೆ, ಅದೂ ನಿಸ್ಸಾನ್ ಕಂಪನಿಗೇ. ಮೇಲೆ ಕೇಳಿದ ಕಾರಿನ ವಿವರ ಮತ್ತೊಮ್ಮೆ ಓದಿ. ಟರ್ಬೋ ಇಲ್ಲ, ಮ್ಯಾನ್ಯುಯಲ್ ಗೇರ್, ಫೋನಿಗೆ ಸ್ಟ್ಯಾಂಡ್. ಏರ್‌ಬ್ಯಾಗ್ ಒಂದು ಬಿಟ್ಟರೆ ಅದು 2014ರ ಡಾಟ್ಸನ್ ಗೋ. ಹಳೇ ಡಾಟ್ಸನ್ ಹೆಸರಿಗೆ ಮತ್ತೆ ಜೀವ ಕೊಟ್ಟು, ಆಗಿನ ಮುಖ್ಯಸ್ಥ ಕಾರ್ಲೋಸ್ ಘೋಸ್ನ್ ಕಾಲದಲ್ಲಿ ನಿಸ್ಸಾನ್ ಇಲ್ಲಿ ಬಿಟ್ಟ ಅಗ್ಗದ ಕಾರು. ಸ್ಟೀರಿಯೋ ಬದಲು ನಿಜವಾಗಿಯೂ ಫೋನ್ ಇಡುವ ಸ್ಟ್ಯಾಂಡೇ ಇತ್ತು. ಅದೇ ವರ್ಷ ಗ್ಲೋಬಲ್ ಎನ್‌ಕ್ಯಾಪ್ ಅದನ್ನು ಗುದ್ದಿಸಿ ನೋಡಿ ದೊಡ್ಡವರ ರಕ್ಷಣೆಗೆ ಸೊನ್ನೆ ಸ್ಟಾರ್ ಕೊಟ್ಟಿತು. ಬಾಡಿ ಎಷ್ಟು ದುರ್ಬಲ ಅಂದರೆ ಏರ್‌ಬ್ಯಾಗ್ ಹಾಕಿದರೂ ಪ್ರಯೋಜನವಿಲ್ಲ ಅಂದರು. ಕಾರನ್ನು ವಾಪಸ್ ತೆಗೆದುಕೊಳ್ಳಿ ಅಂತ ಘೋಸ್ನ್‌ಗೆ ಪತ್ರವನ್ನೂ ಬರೆದರು. 2022ರಲ್ಲಿ ಇಂಡಿಯಾದಲ್ಲಿ ಡಾಟ್ಸನ್ ಮುಗಿಯಿತು.

ಮೆಕ್ಸಿಕೋದ ಕಥೆ ಇನ್ನೂ ಕೆಟ್ಟದ್ದು. ಅಲ್ಲಿ ನಿಸ್ಸಾನ್ ತ್ಸುರು ಅನ್ನುವ ಕಾರನ್ನು 1992ರಿಂದ 2017ರವರೆಗೆ ಹೆಚ್ಚೇನೂ ಬದಲಿಸದೆ ಮಾಡಿದರು. ಟ್ಯಾಕ್ಸಿಯವರ ಕಣ್ಮಣಿ. ಅಗ್ಗ, ಬೀದಿ ಬೀದಿಯಲ್ಲೂ ಮೆಕ್ಯಾನಿಕ್, ಎಲ್ಲಿ ಹೋದರೂ ಸ್ಪೇರ್. ಮೇಲೆ ಬರೆದವರ ಕನಸಿನ ಕಾರು ಅಂದರೆ ಅದೇ. 2013ರಲ್ಲಿ ಲ್ಯಾಟಿನ್ ಎನ್‌ಕ್ಯಾಪ್ ಅದಕ್ಕೂ ಸೊನ್ನೆ ಕೊಟ್ಟಿತು. 2016ರಲ್ಲಿ ಅಮೆರಿಕದಲ್ಲಿ ನಿಸ್ಸಾನ್ ಮಾರುತ್ತಿದ್ದ ಅತಿ ಅಗ್ಗದ ಕಾರಿಗೆ ತ್ಸುರುವನ್ನು ಎದುರಾಬದುರಾ ಗುದ್ದಿಸಿದರು. ತ್ಸುರುವಿನ ಮುಂಭಾಗ ಚಾಲಕನ ಸೀಟಿನವರೆಗೂ ನುಗ್ಗಿತು. ಆ ಹೊತ್ತಿಗೇ ಕಂಪನಿ ತ್ಸುರು ನಿಲ್ಲಿಸುವುದಾಗಿ ಹೇಳಿತು. ಇವತ್ತು ಅದೇ ಕಂಪನಿಯ ಮ್ಯಾಗ್ನೈಟ್‌ನಲ್ಲಿ ಆರು ಏರ್‌ಬ್ಯಾಗ್ ಎಲ್ಲ ಮಾಡೆಲ್‌ಗೂ ಇದೆ. 2025ರಲ್ಲಿ ಗ್ಲೋಬಲ್ ಎನ್‌ಕ್ಯಾಪ್‌ನಲ್ಲಿ ಐದು ಸ್ಟಾರ್ ಬಂದಿದೆ. ಆರು ಏರ್‌ಬ್ಯಾಗ್ ಅಂದರೆ ಡಿಕ್ಕಿ ಗುರುತಿಸುವ ಸೆನ್ಸರ್‌ಗಳು, ಒಂದು ಕಂಪ್ಯೂಟರ್, ಉದ್ದುದ್ದ ವೈರಿಂಗ್. ಏರ್‌ಬ್ಯಾಗ್ ಬೇಕು ಆದರೆ ಕಂಪ್ಯೂಟರ್ ಬೇಡ ಅಂದರೆ ಹೇಗೆ?

ನಾಬ್ ವಿಷಯದಲ್ಲಿ ನನ್ನ ಜಗಳ ಇಲ್ಲ. ಎಸಿಗೆ ನಾಬ್ ಇರಲಿ, ನನಗೂ ಅದೇ ಇಷ್ಟ. ಆದರೆ ಒಂದು ವಿಷಯ ತಿಳಿದಿರಲಿ. ಬಟನ್ ಕಿತ್ತು ಸ್ಕ್ರೀನ್ ಹಾಕಿದ್ದು ಬರೀ ಶೋಕಿಗಲ್ಲ. ಪ್ರತಿ ಬಟನ್‌ಗೂ ಅಚ್ಚು, ಸ್ವಿಚ್, ವೈರ್ ಬೇಕು. ಸ್ಕ್ರೀನ್ ಹೇಗೂ ಹಾಕಬೇಕು ಅಂದಮೇಲೆ ಎಲ್ಲವನ್ನೂ ಅದರೊಳಗೆ ತುಂಬಿದರೆ ಕಂಪನಿಗೆ ಅಗ್ಗ. ನಾಬ್ ವಾಪಸ್ ಬಂದರೆ ಕಾರು ಚೆನ್ನಾಗಿರುತ್ತದೆ, ಅಗ್ಗ ಆಗಲ್ಲ.

ಇನ್ನು ಎಂಜಿನ್ ಸೆನ್ಸರ್‌ಗಳು. ಅವನ್ನು ಕಂಪನಿ ಸುಮ್ನೆ ಹಾಕಿಲ್ಲ, ಕಾನೂನು ಹಾಕಿಸಿದೆ. 2020ರ ಏಪ್ರಿಲ್‌ನಿಂದ ಬಿಎಸ್6 ಅನ್ನುವ ಹೊಗೆ ನಿಯಮ, 2023ರಿಂದ ಅದರ ಎರಡನೇ ಹಂತ. ಬರೀ ಲ್ಯಾಬಿನಲ್ಲಿ ಅಲ್ಲ, ರಸ್ತೆಯಲ್ಲಿ ಓಡುವಾಗಲೂ ಹೊಗೆ ಮಿತಿಯಲ್ಲಿರಬೇಕು. ಕಾರು ತನ್ನ ಹೊಗೆಯ ಮೇಲೆ ತಾನೇ ಕಣ್ಣಿಟ್ಟಿರಬೇಕು. ಕಾರ್ಬುರೇಟರ್ ಕಾಲ ಚೆನ್ನಾಗಿತ್ತು ಅನ್ನುವವರು ಚಳಿಗಾಲದ ಬೆಳಿಗ್ಗೆ ಚೋಕ್ ಎಳೆದು, ಪೆಟ್ರೋಲ್ ವಾಸನೆ ತುಂಬಿ, ಕೊನೆಗೆ ನಾಲ್ಕು ಜನರನ್ನು ಕರೆದು ತಳ್ಳಿಸುತ್ತಿದ್ದದ್ದನ್ನೂ ನೆನೆಯಬೇಕು. ಹಳೇ ಕಾರು ಬೇಗ ರಿಪೇರಿ ಆಗುತ್ತಿತ್ತು ನಿಜ. ಪದೇ ಪದೇ ಕೆಡುತ್ತಿತ್ತು ಅನ್ನುವುದೂ ನಿಜ ಅಲ್ವಾ?

ಭಾವನವರ ಬಿಲ್ ಬಗ್ಗೆ ನನಗೂ ಬೇಜಾರಿದೆ. ಆದರೆ ಅಲ್ಲಿ ಕಾಡಿದ್ದು ಸೆನ್ಸರ್ ಅಲ್ಲ. ಮೇಸ್ತ್ರಿ ಹತ್ತಿರ ಸ್ಕ್ಯಾನರ್ ಮತ್ತು ಮಾಹಿತಿ ಇರಲಿಲ್ಲ, ಜೊತೆಗೆ ವೈರ್ ಜೋಡಿಸಲು ಮನಸ್ಸಿಲ್ಲದ ಸರ್ವಿಸ್ ಸೆಂಟರ್ ಸಿಕ್ಕಿತು. ಆ ಮಾಹಿತಿ ಕೊಡಿಸುವ ಹೋರಾಟ ಸರಿ. ಸ್ಪರ್ಧಾ ಆಯೋಗ ಹೇಳಿದ್ದೂ ಅದನ್ನೇ, ಕಾರನ್ನು ಸರಳ ಮಾಡಿ ಅಂತ ಅದು ಹೇಳಲಿಲ್ಲ. ತುಮಕೂರಿನ ಗ್ಯಾರೇಜಿನ ಹುಡುಗರು ಈಗ ಸ್ಟೀರಿಂಗ್ ಕೆಳಗಿನ ಸಾಕೆಟ್‌ಗೆ ಸ್ಕ್ಯಾನರ್ ಚುಚ್ಚಿ ಫೋನಿನಲ್ಲಿ ಕೋಡ್ ಓದುತ್ತಾರೆ. ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ರಾಜ್ಯ ಸರ್ಕಾರ 150 ಐಟಿಐಗಳನ್ನು ಮೇಲ್ದರ್ಜೆಗೆ ತಂದದ್ದು ಇಂಥ ಕೆಲಸಕ್ಕೇ. ಕಿವಿ ಕೊಟ್ಟು ಎಂಜಿನ್ ಶಬ್ದ ಕೇಳಿಯೇ ರೋಗ ಹೇಳುತ್ತಿದ್ದ ಹಿರಿಯ ಮೇಸ್ತ್ರಿಗಳ ಮೇಲೆ ನನಗೆ ಗೌರವವಿದೆ. ಅವರ ಮಕ್ಕಳಿಗೆ ಬೇಕಿರುವುದು ಮಾತ್ರ ಲ್ಯಾಪ್‌ಟಾಪ್.

ಈಗ ಮುಖ್ಯ ಮಾತು. ನಿಸ್ಸಾನ್ ಬಿದ್ದದ್ದು ಗೋಜಲಿನ ಕಾರಿನಿಂದಲ್ಲ. 2017–18ರಲ್ಲಿ ಜಗತ್ತಿನಾದ್ಯಂತ ಸುಮಾರು 58 ಲಕ್ಷ ವಾಹನ ಮಾರುತ್ತಿದ್ದ ಕಂಪನಿ 2024–25ರಲ್ಲಿ 33 ಲಕ್ಷದ ಆಸುಪಾಸಿಗೆ ಇಳಿಯಿತು. ಸಂಖ್ಯೆ ಹೆಚ್ಚಿಸಬೇಕು ಅಂತ ಅಮೆರಿಕದಲ್ಲಿ ವರ್ಷಗಟ್ಟಲೆ ರಿಯಾಯಿತಿ ಕೊಟ್ಟು ಮಾರಿದರು, ಬ್ರ್ಯಾಂಡ್ ಸವೆಯಿತು. 2018ರ ನವೆಂಬರ್‌ನಲ್ಲಿ ಘೋಸ್ನ್ ಬಂಧನವಾಯಿತು. ಆಮೇಲೆ ಒಳಜಗಳ, ಹಳತಾದ ಮಾಡೆಲ್‌ಗಳು. ಕೊನೆಗೆ ಅಮೆರಿಕದ ಜನ ಎಂಜಿನ್ ಜೊತೆ ಎಲೆಕ್ಟ್ರಿಕ್ ಮೋಟರ್ ಕೂಡ ಇರುವ ಹೈಬ್ರಿಡ್ ಬೇಕು ಅಂತ ಟೊಯೋಟಾ, ಹೋಂಡಾ ಮುಂದೆ ಸಾಲು ನಿಂತಾಗ ನಿಸ್ಸಾನ್ ಹತ್ತಿರ ಅಲ್ಲಿ ಮಾರಲು ಒಂದೂ ಹೈಬ್ರಿಡ್ ಇರಲಿಲ್ಲ. ಮಾಡಲು ಬರುತ್ತಿರಲಿಲ್ಲವಾ? ಬರುತ್ತಿತ್ತು. ಎಂಜಿನ್ ಬರೀ ಕರೆಂಟ್ ಹುಟ್ಟಿಸಿ, ಚಕ್ರವನ್ನು ಮೋಟರ್ ಓಡಿಸುವ ಇ-ಪವರ್ ಅನ್ನು 2016ರಿಂದ ಜಪಾನಿನಲ್ಲಿ ಮಾರುತ್ತಿದೆ. ಗಿರಾಕಿ ಇದ್ದ ಕಡೆಗೆ ಅದನ್ನು ಒಯ್ಯಲಿಲ್ಲ. 70 ಶೇಕಡಾ ಗೋಜಲು ಕಡಿಮೆ ಮಾಡುತ್ತೇವೆ ಅಂದದ್ದೂ ಕಾರ್ಖಾನೆಯ ಖರ್ಚಿನ ಲೆಕ್ಕ. ಹತ್ತು ಮಾಡೆಲ್‌ಗೆ ಹತ್ತು ಥರದ ಬಿಡಿಭಾಗ ಬೇಡ ಅನ್ನುವ ಮಾತು ಅದು. ನಿಮ್ಮ ಡ್ಯಾಶ್‌ಬೋರ್ಡಿಗೂ ಅದಕ್ಕೂ ಸಂಬಂಧವಿಲ್ಲ.

ಇನ್ನೊಂದು ಉದಾಹರಣೆ ಕೊಡುತ್ತೇನೆ, ಬಿಸಿಲ ನಾಡಿನವರಿಗೆ ಬೇಗ ಅರ್ಥವಾಗುತ್ತದೆ. 2010ರ ಕೊನೆಯಲ್ಲಿ ನಿಸ್ಸಾನ್ ಲೀಫ್ ಬಂತು. ದೊಡ್ಡ ಸಂಖ್ಯೆಯಲ್ಲಿ ಮಾರಾಟವಾದ ಮೊದಲ ಎಲೆಕ್ಟ್ರಿಕ್ ಕಾರುಗಳಲ್ಲಿ ಒಂದು. ಆಗ ಟೆಸ್ಲಾ ಇನ್ನೂ ಚಿಕ್ಕ ಕಂಪನಿ. ಲೀಫ್ ಬ್ಯಾಟರಿಗೆ ನೀರು ಹರಿಸಿ ತಂಪು ಮಾಡುವ ವ್ಯವಸ್ಥೆ ಹಾಕಲಿಲ್ಲ. ಪಂಪ್ ಬೇಡ, ಪೈಪ್ ಬೇಡ, ಸರಳವಾಗಿರಲಿ ಅನ್ನುವ ಲೆಕ್ಕ. ಎರಡೇ ವರ್ಷದಲ್ಲಿ ಅಮೆರಿಕದ ಅರಿಜೋನಾದ ಬಿಸಿಲಿನಲ್ಲಿ ಬ್ಯಾಟರಿಗಳು ಬೇಗ ಶಕ್ತಿ ಕಳೆದುಕೊಳ್ಳುತ್ತಿವೆ ಅನ್ನುವ ದೂರು ಶುರುವಾಯಿತು. ಅದೇ ಪಂಪು, ಅದೇ ಪೈಪು ಹಾಕಿದ ಬೇರೆ ಕಂಪನಿಗಳು ಮುಂದೆ ಹೋದವು. ಪಾವಗಡದ ಸೋಲಾರ್ ಪಾರ್ಕ್ ಪಕ್ಕ ಏಪ್ರಿಲ್ ಮಧ್ಯಾಹ್ನ ನಿಲ್ಲಿಸುವ ಎಲೆಕ್ಟ್ರಿಕ್ ಕಾರಿಗೆ ನನಗಂತೂ ಪಂಪ್ ಇರುವ ಬ್ಯಾಟರಿಯೇ ಬೇಕು.

ನಮ್ಮ ಗಿರಾಕಿಗಳ ವಿಷಯಕ್ಕೂ ಬರೋಣ. ಬಾಯಲ್ಲಿ ಎಲ್ಲರೂ ಸರಳ ಕಾರು ಅನ್ನುತ್ತಾರೆ. ಮದುವೆ ಮಾತುಕತೆಗೆ ಕಾರು ಬಂದು ನಿಂತಾಗ ಬೇಸ್ ಮಾಡೆಲ್ಲೋ ಟಾಪ್ ಮಾಡೆಲ್ಲೋ ಅಂತ ಚಕ್ರ ನೋಡಿ ಗುರುತಿಸುವವರೂ ಅವರೇ. ನ್ಯಾನೋ ಒಂದು ಲಕ್ಷಕ್ಕೆ ಬಂತು, 2018ರಲ್ಲಿ ನಿಂತುಹೋಯಿತು. ಸನ್‌ರೂಫ್ ತೆಗೆದರೆ ಧೂಳು ಬಿಟ್ಟು ಏನೂ ಬರಲ್ಲ, ಆದರೂ ಮಗ ಕೇಳುತ್ತಾನೆ ಅಂತ ಇಎಂಐ ಎಳೆಯುತ್ತಾರೆ. ಇದನ್ನು ತಪ್ಪು ಅಂತ ನಾನು ಹೇಳಲ್ಲ. ಕಾರು ಮಾರುವವನು ಈ ಗಿರಾಕಿಯನ್ನು ನೋಡಿ ಮಾರಬೇಕು, ಬೇರೆ ದಾರಿ ಇಲ್ಲ.

ನಿಸ್ಸಾನ್ ಇಲ್ಲಿ ಎಡವಿದ್ದು ಎಲ್ಲಿ ಅಂತ ನೋಡಬೇಕಾದರೆ ಎಕ್ಸ್-ಟ್ರೇಲ್ ಸಾಕು. 2022ರ ಅಕ್ಟೋಬರ್‌ನಲ್ಲಿ ಆ ದೊಡ್ಡ ಎಸ್‌ಯುವಿಯನ್ನು ಇಂಡಿಯಾದಲ್ಲಿ ತೋರಿಸಿತು, ಇ-ಪವರ್ ಮಾತೂ ಆಡಿತು. 2024ರ ಆಗಸ್ಟ್‌ನಲ್ಲಿ ಮಾರಾಟಕ್ಕೆ ತಂದಾಗ ಇ-ಪವರ್ ಇರಲಿಲ್ಲ. ಪೂರ್ತಿ ಕಾರೇ ವಿದೇಶದಿಂದ ಆಮದು, ಬೆಲೆ 49.92 ಲಕ್ಷ. ಆ ದುಡ್ಡಿಗೆ ಟೊಯೋಟಾ ಶೋರೂಮಿನಲ್ಲಿ ಫಾರ್ಚುನರ್ ಸಿಗುವಾಗ ತುಮಕೂರಿನ ಯಾವ ಅಡಿಕೆ ಸಾಹುಕಾರ ಇದರ ಕಡೆ ತಿರುಗುತ್ತಾನೆ?